ಕಡಲ ದಂಡೆಯ ಬಯಲು: ಕಟ್ಟೆನೆಂಬ ಮಾತಿಗೆ ಕಾವಲು ಯಾರು?

ಒಂದು ತುಂಡು ಭೂಮಿಯನ್ನು ಕ್ರಯಕ್ಕೆ ಪಡೆಯುವವನು ನಿಜಕ್ಕೂ ಪಡೆಯುವುದೇನನ್ನು? ಮಣ್ಣನ್ನು ಎಂದು ಥಟ್ಟನೆ ಉತ್ತರಿಸಬಹುದು. ಆದರೆ ಆ ಮಣ್ಣು ಅವನ ಹುಟ್ಟಿಗಿಂತ ಮೊದಲೇ ಅಲ್ಲಿತ್ತು. ಅವನು ಮಣ್ಣಿಗೆ ಸೇರಿದ ಮೇಲೂ ಅಲ್ಲಿಯೇ ಇರುತ್ತದೆ. ಸ್ವಲ್ಪ ವಿಚಾರ ಮಾಡಿದರೆ, ಅವನು ಪಡೆದದ್ದು ಕೆಲವು ಹಕ್ಕುಗಳನ್ನು ಮಾತ್ರ ಎಂಬುದು ತಿಳಿಯುತ್ತದೆ. ಉಳುವ ಹಕ್ಕು, ಬಾವಿ ತೋಡುವ ಹಕ್ಕು, ಮರ ಕಡಿಯುವ ಹಕ್ಕು, ಬೇಲಿ ಹಾಕಿ ಇತರರನ್ನು ಹೊರಗಿಡುವ ಹಕ್ಕು, ಕಟ್ಟಡ ಕಟ್ಟುವ ಹಕ್ಕು, ಮಾರುವ ಹಕ್ಕು, ಮಕ್ಕಳಿಗೆ ಬಿಟ್ಟುಹೋಗುವ ಹಕ್ಕು. ಸ್ವಾಮ್ಯವೆಂದರೆ ಹಕ್ಕುಗಳ ಒಂದು ಹೊರೆ ಎಂದು ಕಾನೂನಿನ ವಿದ್ಯಾರ್ಥಿಗಳಿಗೆ ಕಲಿಸುವುದುಂಟು. ಕಟ್ಟಿಗೆಯ ಹೊರೆಯಿಂದ ಒಂದು ಕೋಲನ್ನು ಎಳೆದು ಬೇರೊಬ್ಬರ ಕೈಗೆ ಕೊಟ್ಟರೂ ಉಳಿದ ಹೊರೆ ನಮ್ಮ ತಲೆಯ ಮೇಲೆಯೇ ಇರುತ್ತದೆ.

ಕರಾವಳಿಯ ನಮಗೆ ಈ ವಿಚಾರ ಹೊಸತೇನಲ್ಲ. ನಮ್ಮ ಹಳೆಯ ದಸ್ತಾವೇಜುಗಳಲ್ಲಿ ಚೆಕ್ಕುಬಂದಿಯ ವಿವರಗಳ ಬಳಿಕ 'ಮಾಮೂಲು ದಾರಿ, ನೀರಿನ ಹಕ್ಕು ಸಹಿತ' ಎಂಬ ಮಾತು ಬರುತ್ತದೆ. ಜಾಗ ಒಬ್ಬರದು, ಅದರ ಮೇಲೆ ನಡೆಯುವ ಹಕ್ಕು ಇನ್ನೊಬ್ಬರದು. ದಕ್ಷಿಣ ಕನ್ನಡದ ಕುಮ್ಕಿಯೂ ಇಂಥದೇ. ವರ್ಗ ಜಮೀನಿನ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಕೃಷಿಕನಿಗೆ ಸೊಪ್ಪು, ಹುಲ್ಲು, ಕಟ್ಟಿಗೆಗಳ ಸವಲತ್ತು ಇತ್ತೇ ಹೊರತು ಸ್ವಾಮ್ಯ ಇರಲಿಲ್ಲ. ಇಂಥ ಹಕ್ಕಿಗೆ ಕಾನೂನಿನ ಭಾಷೆಯಲ್ಲಿ ಈಸ್‌ಮೆಂಟ್, ಅಂದರೆ ಅನುಭೋಗದ ಹಕ್ಕು ಎಂದು ಹೆಸರು.

ಇವೆಲ್ಲ ಏನನ್ನಾದರೂ ಮಾಡುವ ಹಕ್ಕುಗಳು. ಏನನ್ನೂ ಮಾಡದಂತೆ ತಡೆಯುವ ಹಕ್ಕೂ ಒಂದಿರಬಹುದಲ್ಲವೆ? ಕಡಲ ದಂಡೆಯಲ್ಲಿ ಭೂಮಿಯುಳ್ಳ ಒಬ್ಬ ಒಡೆಯನು, 'ಇಲ್ಲಿ ಕಟ್ಟಡ ಕಟ್ಟುವ ನನ್ನ ಹಕ್ಕನ್ನು ಎಂದೆಂದಿಗೂ ಬಿಟ್ಟುಕೊಟ್ಟಿದ್ದೇನೆ. ನಾನಾಗಲಿ ನನ್ನ ವಾರಸುದಾರರಾಗಲಿ ಮುಂದೆ ಕೊಳ್ಳುವವರಾಗಲಿ ಕಟ್ಟಲು ಹೊರಟರೆ ತಡೆಯುವ ಅಧಿಕಾರ ಈ ಸಂಸ್ಥೆಗಿದೆ' ಎಂದು ಬರೆದು ನೋಂದಣಿ ಮಾಡಿಸಿದರೆ ಏನಾಗುತ್ತದೆ? ಭೂಮಿ ಅವನ ಹೆಸರಿನಲ್ಲಿಯೇ ಉಳಿಯುತ್ತದೆ. ಅವನು ಅಲ್ಲಿ ದನ ಮೇಯಿಸಬಹುದು, ವಾಸ ಮಾಡಬಹುದು, ಮಾರಲೂಬಹುದು. ಆದರೆ ಬಯಲು ಬಯಲಾಗಿಯೇ ಉಳಿಯಬೇಕು. ಅಮೆರಿಕದಲ್ಲಿ ಇದಕ್ಕೆ ಸಂರಕ್ಷಣಾ ಈಸ್‌ಮೆಂಟ್ ಎನ್ನುತ್ತಾರೆ. ಸಮಾಜ ವಿಮರ್ಶಕ ವಿಲಿಯಂ ಎಚ್. ವೈಟ್ ಅವರು 1959ರಲ್ಲಿ ಬರೆದ ಒಂದು ವರದಿಯಿಂದ ಈ ಹೆಸರು ಪ್ರಚಾರಕ್ಕೆ ಬಂದಿತು. 1970ರಲ್ಲಿ ಮೇನ್ ರಾಜ್ಯದ ದ್ವೀಪಗಳನ್ನೂ ದಂಡೆಗಳನ್ನೂ ಉಳಿಸಲು ಪೆಗಿ ರಾಕ್‌ಫೆಲರ್ ಮತ್ತು ಥಾಮಸ್ ಕ್ಯಾಬಟ್ ಅವರು ಮೇನ್ ಕೋಸ್ಟ್ ಹೆರಿಟೇಜ್ ಟ್ರಸ್ಟನ್ನು ಸ್ಥಾಪಿಸಿ ಈ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. ಕ್ಯಾಲಿಫೋರ್ನಿಯಾ 1979ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು.

ಒಂದು ಪತ್ರಿಕಾ ಮನೆತನದ ದಂಡೆ

ಈ ಉಪಾಯದ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವ ಒಂದು ಉದಾಹರಣೆ ಕ್ಯಾಲಿಫೋರ್ನಿಯಾದ ಸಾನ್ ಸಿಮಿಯೋನ್. ಸಾನ್ ಫ್ರಾನ್ಸಿಸ್ಕೊ ಮತ್ತು ಲಾಸ್ ಏಂಜಲೀಸ್ ನಗರಗಳ ನಡುವೆ, ಶಾಂತಸಾಗರದ ದಂಡೆಯಲ್ಲಿರುವ ಊರು ಅದು. ಸ್ಪೇನಿನ ಆಡಳಿತ ಕಾಲದಲ್ಲಿ ಅಲ್ಲಿಯ ಹುಲ್ಲುಗಾವಲು ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಸಾನ್ ಮಿಗೆಲ್ ಮಿಷನ್ನಿಗೆ ಸೇರಿತ್ತು. ಅದಕ್ಕೂ ಹಿಂದೆ ಅಲ್ಲಿ ಸಲಿನನ್ ಮತ್ತು ಚುಮಾಶ್ ಎಂಬ ಮೂಲನಿವಾಸಿಗಳಿದ್ದರು. ಮಿಷನ್ನುಗಳ ಭೂಮಿಯನ್ನು ಮೆಕ್ಸಿಕೊ ಸರಕಾರ ವಶಪಡಿಸಿಕೊಂಡ ಬಳಿಕ, 1840ರಲ್ಲಿ ಆ ಭೂಮಿ ಖಾಸಗಿಯವರ ಕೈಸೇರಿತು. 1865ರಿಂದ ಗಣಿ ಉದ್ಯಮಿ ಜಾರ್ಜ್ ಹರ್ಸ್ಟ್ ಅದನ್ನು ಕೊಳ್ಳತೊಡಗಿದರು. ಅವರ ಮಗನೇ ವಿಲಿಯಂ ರಾಂಡಾಲ್ಫ್ ಹರ್ಸ್ಟ್, ಅಮೆರಿಕದ ಪತ್ರಿಕಾಲೋಕದ ಹೆಸರಾಂತ ಒಡೆಯ. ವಾಸ್ತುಶಿಲ್ಪಿ ಜೂಲಿಯಾ ಮೋರ್ಗನ್ ಅವರಿಂದ 1919ರಿಂದ 1947ರ ವರೆಗೆ ಗುಡ್ಡದ ಮೇಲೆ ಅರಮನೆಯನ್ನು ಕಟ್ಟಿಸಿದವರು ಅವರೇ. ಅವರು 1951ರಲ್ಲಿ ತೀರಿಕೊಂಡ ಬಳಿಕ ಅರಮನೆ ರಾಜ್ಯಕ್ಕೆ ಸಂದಿತು. ಸುತ್ತಲಿನ ಸುಮಾರು 82,000 ಎಕರೆ ಭೂಮಿ ಮಾತ್ರ ಮನೆತನದ ಸಂಸ್ಥೆಯಲ್ಲಿಯೇ ಉಳಿಯಿತು.

ಆ ಸಂಸ್ಥೆ ದಂಡೆಯಲ್ಲಿ ಹೊಟೇಲುಗಳನ್ನೂ ಗಾಲ್ಫ್ ಮೈದಾನವನ್ನೂ ಮಾಡಲು ಯೋಜನೆ ಹಾಕಿತು. 650 ಕೋಣೆಗಳ ಆ ಪ್ರಸ್ತಾವವನ್ನು ಕ್ಯಾಲಿಫೋರ್ನಿಯಾದ ಕರಾವಳಿ ಆಯೋಗ 1998ರಲ್ಲಿ ಒಪ್ಪಲಿಲ್ಲ. ಮುಂದೆ ವರ್ಷಗಳ ಮಾತುಕತೆ ನಡೆದು 2005ರಲ್ಲಿ ಒಪ್ಪಂದವಾಯಿತು. ಸುಮಾರು 13 ಮೈಲಿ ಉದ್ದದ ದಂಡೆ ರಾಜ್ಯದ ಸ್ವತ್ತಾಯಿತು. ಹೆದ್ದಾರಿಯಾಚೆಗಿನ ಗುಡ್ಡ, ಹುಲ್ಲುಗಾವಲು, ಕಣಿವೆಗಳ ಸುಮಾರು 80,000 ಎಕರೆ ಮನೆತನದ ಹೆಸರಿನಲ್ಲಿಯೇ ಉಳಿದು, ಅದರ ಮೇಲಿನ ಸಂರಕ್ಷಣಾ ಈಸ್‌ಮೆಂಟ್ ಕ್ಯಾಲಿಫೋರ್ನಿಯಾ ರೇಂಜ್‌ಲ್ಯಾಂಡ್ ಟ್ರಸ್ಟ್ ಎಂಬ ಸಂಸ್ಥೆಗೆ ಹೋಯಿತು. ಮನೆತನ ತನಗಾಗಿ ಉಳಿಸಿಕೊಂಡದ್ದು 27 ಮನೆಗಳನ್ನೂ ಹಳೆಯ ಸಾನ್ ಸಿಮಿಯೋನ್ ಊರಿನಲ್ಲಿ 100 ಕೋಣೆಗಳ ಒಂದು ವಸತಿಗೃಹವನ್ನೂ ಕಟ್ಟುವ ಹಕ್ಕನ್ನು. ಪ್ರತಿಯಾಗಿ ರಾಜ್ಯ ಕೊಟ್ಟದ್ದು 8 ಕೋಟಿ ಡಾಲರ್ ನಗದು ಮತ್ತು 1.5 ಕೋಟಿ ಡಾಲರ್ ತೆರಿಗೆ ರಿಯಾಯಿತಿ.

ಫಲವೇನು? ಅಲ್ಲಿ ಇಂದೂ ದನಗಳು ಮೇಯುತ್ತವೆ. ಸಮೀಪದ ಪಿಯೆದ್ರಾಸ್ ಬ್ಲಾಂಕಾಸ್ ದಂಡೆಗೆ 1990ರಲ್ಲಿ ಆನೆ ಸೀಲ್ ಎಂಬ ಬೃಹತ್ ಕಡಲ ಪ್ರಾಣಿಗಳು ಬರತೊಡಗಿದವು. ಎಣ್ಣೆಗಾಗಿ ಬೇಟೆಯಾಡಿ 19ನೆಯ ಶತಮಾನದಲ್ಲಿ ಮನುಷ್ಯನು ಬಹುಮಟ್ಟಿಗೆ ನಿರ್ನಾಮ ಮಾಡಿದ್ದ ಈ ಸಂತತಿ ಈಗ ಅಲ್ಲಿ ಸಾವಿರಾರು ಸಂಖ್ಯೆಯಲ್ಲಿ ಮರಿ ಹಾಕುತ್ತದೆ. ಅಲೆಗಳು ದಂಡೆಯನ್ನು ಕೊರೆದು ಹೆದ್ದಾರಿಯ ಬುಡಕ್ಕೆ ಬಂದಾಗ, 2010ರ ದಶಕದಲ್ಲಿ, ಆ ಭಾಗದ ರಸ್ತೆಯನ್ನು ಒಳನಾಡಿನ ಕಡೆಗೆ ಸರಿಸಲಾಯಿತು. ಸರಿಸಲು ಜಾಗವಿದ್ದುದು ಅಲ್ಲಿ ಕಟ್ಟಡಗಳಿರಲಿಲ್ಲವೆಂಬ ಕಾರಣಕ್ಕೆ. ಕಡಲಿಗೂ ಹಿಂದೆಮುಂದೆ ಸರಿಯುವ ಸ್ವಭಾವವಿದೆ. ಅದಕ್ಕೆ ಎಡೆಗೊಡುವ ಬಯಲು ವ್ಯರ್ಥ ಭೂಮಿಯಲ್ಲ.

ಕಾನೂನೊಂದೇ ಸಾಲದೆ?

ಸರಕಾರವೇ ಒಂದು ಆಜ್ಞೆ ಹೊರಡಿಸಿ ದಂಡೆಯಲ್ಲಿ ಕಟ್ಟಬಾರದೆಂದರೆ ಸಾಲದೆ, ಇಷ್ಟು ಹಣ ಕೊಟ್ಟು ಹಕ್ಕು ಪಡೆಯುವುದೇಕೆ ಎಂದು ಕೇಳಬಹುದು. ಈ ಪ್ರಶ್ನೆಗೆ ಎರಡು ಉತ್ತರಗಳಿವೆ.

ಮೊದಲನೆಯದು ನ್ಯಾಯದ ಪ್ರಶ್ನೆ. ಕ್ಯಾಲಿಫೋರ್ನಿಯಾದ ವೆಂಚುರಾ ಪ್ರದೇಶದಲ್ಲಿ ಒಂದು ಕುಟುಂಬ ಕಡಲ ಬದಿಯ ತನ್ನ ಚಿಕ್ಕ ಮನೆಯನ್ನು ಕೆಡವಿ ದೊಡ್ಡದನ್ನು ಕಟ್ಟಲು ಪರವಾನಿಗೆ ಕೇಳಿತು. ಮನೆಯ ಮುಂದಿನ ಮರಳಿನಲ್ಲಿ ಸಾರ್ವಜನಿಕರು ಹಾದುಹೋಗುವ ಹಕ್ಕನ್ನು ಬರೆದುಕೊಟ್ಟರೆ ಮಾತ್ರ ಪರವಾನಿಗೆ ಎಂದಿತು ಕರಾವಳಿ ಆಯೋಗ. ನೋಲನ್ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಆಯೋಗದ ವಿರುದ್ಧ ತೀರ್ಪಿತ್ತಿತು. ಸಾರ್ವಜನಿಕರಿಗೆ ಆ ಹಕ್ಕು ಬೇಕಿದ್ದರೆ ಸರಕಾರ ಬೆಲೆ ತೆತ್ತು ಪಡೆಯಲಿ, ಪರವಾನಿಗೆಯ ನೆಪದಲ್ಲಿ ಕಸಿಯಬಾರದು ಎಂಬುದು ಅದರ ತಾತ್ಪರ್ಯ. ತೀರ್ಪನ್ನು ಒಪ್ಪದವರು ಅಂದೂ ಇದ್ದರು. ಇಬ್ಭಾಗವಾದ ನ್ಯಾಯಪೀಠದಲ್ಲಿ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಆದರೂ ಒಂದು ಮಾತು ಸ್ಪಷ್ಟವಾಯಿತು. ಎಲ್ಲರಿಗೂ ಒಳ್ಳೆಯದಾದುದರ ಭಾರವನ್ನು ಒಬ್ಬನೇ ಹೊರಬೇಕೆನ್ನುವುದು ಸುಲಭವಲ್ಲ. ಒಡೆಯನು ಒಪ್ಪಿ ಕೊಟ್ಟ ಹಕ್ಕಿಗೆ ಈ ತಕರಾರು ತಟ್ಟುವುದಿಲ್ಲ.

ಎರಡನೆಯದು ಕಾಲದ ಪ್ರಶ್ನೆ. ಸರಕಾರ ಮಾಡಿದ ನಿಯಮವನ್ನು ಮತ್ತೊಂದು ಸರಕಾರ ಬದಲಿಸಬಹುದು. ನಮ್ಮ ದೇಶದ ಅನುಭವವೇ ಇದನ್ನು ಹೇಳುತ್ತದೆ. ಪರಿಸರ ಸಂರಕ್ಷಣಾ ಕಾಯಿದೆಯಡಿ 1991ರ ಫೆಬ್ರವರಿಯಲ್ಲಿ ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಉಬ್ಬರದ ಗೆರೆಯಿಂದ 500 ಮೀಟರು ವರೆಗಿನ ಪ್ರದೇಶವನ್ನು ನಿಯಂತ್ರಣಕ್ಕೆ ಒಳಪಡಿಸಿ, ಗ್ರಾಮೀಣ ದಂಡೆಗಳಲ್ಲಿ ಮೊದಲ 200 ಮೀಟರನ್ನು ಕಟ್ಟಡರಹಿತ ವಲಯವೆಂದು ಸಾರಿತು. 2011ರಲ್ಲಿ ಅದರ ಬದಲು ಹೊಸ ಅಧಿಸೂಚನೆ ಬಂದಿತು. 2019ರ ಅಧಿಸೂಚನೆಯಲ್ಲಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಪ್ರದೇಶಗಳಲ್ಲಿ ಆ 200 ಮೀಟರು 50 ಮೀಟರಿಗೆ ಇಳಿಯಿತು. ಬದಲಾವಣೆಯ ಪರವಾಗಿಯೂ ವಾದಗಳಿವೆ. ದಂಡೆಯಲ್ಲಿಯೇ ಹುಟ್ಟಿ ಬೆಳೆದ ಮೀನುಗಾರ ಕುಟುಂಬಕ್ಕೂ ಒಂದು ಮನೆ ಬೇಕು. ನಾನು ಹೇಳಹೊರಟದ್ದು ಇಷ್ಟೇ: ಕಾಗದದ ಮೇಲೆ ಎಳೆದ ಗೆರೆಯನ್ನು ಕಾಗದದ ಮೇಲೆಯೇ ಅಳಿಸಬಹುದು.

ಸತ್ತವರು ಬದುಕಿರುವವರನ್ನು ಬಂಧಿಸಬಹುದೆ?

ಇಲ್ಲಿ ತತ್ತ್ವಶಾಸ್ತ್ರದ ಒಂದು ಹಳೆಯ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಇಂದಿನ ಒಡೆಯನೊಬ್ಬನು 'ಎಂದೆಂದಿಗೂ' ಎಂದು ಬರೆದುಕೊಟ್ಟರೆ, ಇನ್ನೂ ಹುಟ್ಟದ ಮೊಮ್ಮಕ್ಕಳ ಕೈಯನ್ನು ಅವನು ಕಟ್ಟಿದಂತಾಗುವುದಿಲ್ಲವೆ? ಭೂಮಿಯ ಅನುಭೋಗ ಬದುಕಿರುವವರದು, ಸತ್ತವರಿಗೆ ಅದರ ಮೇಲೆ ಅಧಿಕಾರವಿಲ್ಲ ಎಂದು ಥಾಮಸ್ ಜೆಫರ್ಸನ್ 1789ರ ತಮ್ಮ ಒಂದು ಪತ್ರದಲ್ಲಿ ವಾದಿಸಿದ್ದರು. ಇದು ಹಗುರವಾದ ಆಕ್ಷೇಪವಲ್ಲ.

ಆದರೆ ಬಂಧನವೆಂಬುದು ಬರವಣಿಗೆಯಿಂದ ಮಾತ್ರ ಆಗುವುದಲ್ಲ. ಮರಳ ದಿಬ್ಬವನ್ನು ಸಮತಟ್ಟು ಮಾಡಿ, ಕಾಂಕ್ರೀಟು ಸುರಿದು, ಐದು ಮಾಳಿಗೆಯ ಹೊಟೇಲು ಎಬ್ಬಿಸಿದವನೂ ಮೊಮ್ಮಕ್ಕಳ ಕೈಯನ್ನು ಕಟ್ಟಿದವನೇ. ಅವನು ಯಾವ ದಸ್ತಾವೇಜನ್ನೂ ಬರೆದಿಲ್ಲವೆಂಬುದೊಂದೇ ವ್ಯತ್ಯಾಸ. ಕಟ್ಟದೆ ಬಿಟ್ಟ ಬಯಲಿನ ಬಗ್ಗೆ ಮುಂದಿನವರು ಮತ್ತೊಮ್ಮೆ ಯೋಚಿಸಬಹುದು. ಪರಿಸ್ಥಿತಿ ಪೂರ್ಣವಾಗಿ ಬದಲಾಗಿ ಈಸ್‌ಮೆಂಟಿನ ಉದ್ದೇಶವೇ ಅಸಾಧ್ಯವಾದರೆ, ನ್ಯಾಯಾಲಯದ ಮೂಲಕ ಅದನ್ನು ರದ್ದುಪಡಿಸುವ ದಾರಿ ಅಮೆರಿಕದ ನಿಯಮಗಳಲ್ಲಿಯೂ ಇದೆ. ಕೊಚ್ಚಿಹೋದ ಮರಳ ದಿಬ್ಬವನ್ನು ಮರಳಿ ತರುವ ನ್ಯಾಯಾಲಯ ಎಲ್ಲಿಯೂ ಇಲ್ಲ. ಆದುದರಿಂದ ಕಟ್ಟೆನೆಂಬ ಮಾತು ಮೇಲ್ನೋಟಕ್ಕೆ ಬಂಧನವಾಗಿ ಕಂಡರೂ ಪರಿಣಾಮದಲ್ಲಿ ಮುಂದಿನವರಿಗೆ ಹೆಚ್ಚು ಸ್ವಾತಂತ್ರ್ಯವನ್ನು ಬಿಟ್ಟುಕೊಡುತ್ತದೆ.

ಸಂತ ಥಾಮಸ್ ಅಕ್ವಿನಾಸ್ ಆಸ್ತಿಯ ವಿಷಯದಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಿದರು. ಆಸ್ತಿಯನ್ನು ಸಂಪಾದಿಸಿ ನೋಡಿಕೊಳ್ಳುವ ಅಧಿಕಾರ ವ್ಯಕ್ತಿಗಳಿಗೆ ಇರಲಿ. ಅದರ ಉಪಯೋಗದಲ್ಲಿ ಮಾತ್ರ ಅದು ಎಲ್ಲರಿಗೆ ಸೇರಿದ್ದೆಂಬ ಭಾವನೆ ಇರಬೇಕು. 1987ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಅವರು ಖಾಸಗಿ ಆಸ್ತಿಯ ಮೇಲೆ ಸಮಾಜದ ಅಡಮಾನವಿದೆ ಎಂದು ಬರೆದಾಗ, ಅದೇ ಮಾತನ್ನು ನಮ್ಮ ನೋಂದಣಿ ಕಚೇರಿಗಳ ಭಾಷೆಗೆ ತಂದರು. ಸಂರಕ್ಷಣಾ ಈಸ್‌ಮೆಂಟ್ ಆ ಅಡಮಾನವನ್ನು ಒಪ್ಪಿ ಸಹಿ ಹಾಕುವ ಒಂದು ರೀತಿ.

ಬೆಲೆ, ಲಾಭ, ಮೋಸ

ಸಹಿ ಹಾಕುವವರೆಲ್ಲರೂ ತ್ಯಾಗಿಗಳೆಂದು ಭಾವಿಸಬೇಕಾಗಿಲ್ಲ. ಹೊಟೇಲಿಗೆ ಮಾರಿದರೆ ಒಂದು ಜಾಗಕ್ಕೆ 10 ಕೋಟಿ ಬರುವುದೆಂದು ಇಟ್ಟುಕೊಳ್ಳೋಣ. ಕಟ್ಟುವ ಹಕ್ಕಿಲ್ಲದೆ ಬರೇ ಹುಲ್ಲುಗಾವಲಾಗಿ ಮಾರಿದರೆ 3 ಕೋಟಿ. ಈ ಎರಡರ ನಡುವಿನ 7 ಕೋಟಿಯೇ ಬಿಟ್ಟುಕೊಟ್ಟ ಹಕ್ಕಿನ ಬೆಲೆ. ಆ ಹಕ್ಕನ್ನು ಪುಕ್ಕಟೆಯಾಗಿ ಕೊಟ್ಟವನಿಗೆ ಅಷ್ಟು ಮೊತ್ತವನ್ನು ದಾನವೆಂದು ಪರಿಗಣಿಸಿ ಅಮೆರಿಕ ಸರಕಾರ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ಭೂಮಿಯ ಬೆಲೆ ಇಳಿಯುವುದರಿಂದ ವಾರಸುದಾರರ ಮೇಲಿನ ತೆರಿಗೆಯೂ ಇಳಿಯುತ್ತದೆ. ತೆರಿಗೆ ಕಟ್ಟಲಾಗದೆ ಅಜ್ಜನ ಭೂಮಿಯನ್ನು ಮಾರಬೇಕಾಗಿದ್ದ ಕೃಷಿಕ ಕುಟುಂಬಗಳಿಗೆ ಇದು ಆಸರೆಯಾಗಿದೆ. 1980ರಲ್ಲಿ ಫಿಲಿಸ್ ಫೇಬರ್ ಮತ್ತು ಎಲೆನ್ ಸ್ಟ್ರಾಸ್ ಎಂಬ ಇಬ್ಬರು ಮಹಿಳೆಯರು ಸಾನ್ ಫ್ರಾನ್ಸಿಸ್ಕೊದ ಉತ್ತರಕ್ಕಿರುವ ಮರಿನ್ ಪ್ರದೇಶದ ಹೈನುಗಾರರಿಗಾಗಿ ಭೂ ಟ್ರಸ್ಟೊಂದನ್ನು ಕಟ್ಟಿದ್ದು ಕೃಷಿಭೂಮಿ ಹೀಗೆ ಕೈಜಾರದಿರಲೆಂದೇ.

ಹಣವಿರುವಲ್ಲಿ ಮೋಸವೂ ಹಿಂಬಾಲಿಸುತ್ತದೆ. ಅಗ್ಗಕ್ಕೆ ಕೊಂಡ ಭೂಮಿಗೆ ವಿಪರೀತ ಬೆಲೆ ಕಟ್ಟಿಸಿ, ಹಲವು ಹೂಡಿಕೆದಾರರನ್ನು ಸೇರಿಸಿ, ಹಾಕಿದ ಹಣಕ್ಕಿಂತ ಎಷ್ಟೋ ಪಟ್ಟು ರಿಯಾಯಿತಿ ಪಡೆಯುವ ದಂಧೆ ಅಲ್ಲಿ ಬೆಳೆಯಿತು. ಕೊನೆಗೆ 2022ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಇಂಥ ಕೂಟಗಳ ರಿಯಾಯಿತಿಗೆ, ಹೂಡಿಕೆಯ ಎರಡೂವರೆ ಪಟ್ಟನ್ನು ಮೀರಬಾರದೆಂಬ ಕಟ್ಟು ಹಾಕಬೇಕಾಯಿತು. ಬಯಲು ಉಳಿಸುವ ಹೆಸರಿನಲ್ಲಿ ಬೊಕ್ಕಸ ಬರಿದಾಗುವುದಾದರೆ, ಅದರ ನಷ್ಟ ಬಡವರ ಪಾಲಿಗೇ ಬರುತ್ತದೆ.

ತೆರೆದ ಬಯಲು, ಮುಚ್ಚಿದ ಬಾಗಿಲು

ಇನ್ನೊಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಕಟ್ಟಡವಿಲ್ಲದ ಜಾಗವೆಲ್ಲ ಎಲ್ಲರಿಗೂ ಪ್ರವೇಶವಿರುವ ಜಾಗವಲ್ಲ. ಸಂರಕ್ಷಣಾ ಈಸ್‌ಮೆಂಟ್ ಇರುವ ಎಷ್ಟೋ ಬಯಲುಗಳ ಗೇಟಿಗೆ ಬೀಗವಿದೆ. ಅಲ್ಲಿ ನಡೆದಾಡುವ ಹಕ್ಕನ್ನು ಬೇರೆಯಾಗಿಯೇ ಬರೆಯಿಸಿಕೊಳ್ಳಬೇಕು. ಸಾನ್ ಸಿಮಿಯೋನಿನ ಒಪ್ಪಂದಕ್ಕೂ ಈ ವಿಷಯದಲ್ಲಿ ಕಟುವಾದ ಟೀಕೆ ಬಂದಿತು. ಇಷ್ಟೊಂದು ಸಾರ್ವಜನಿಕ ಹಣ ಕೊಟ್ಟ ಮೇಲೂ ಕೆಲವು ಸುಂದರ ಭೂಶಿರಗಳು ಮನೆತನದ ಕೈಯಲ್ಲಿಯೇ ಉಳಿದವು, ಜನರ ಪ್ರವೇಶಕ್ಕೆ ಮಿತಿ ಹಾಕಲಾಯಿತು, ಷರತ್ತುಗಳ ಪಾಲನೆಯನ್ನು ನೋಡುವ ಕೆಲಸ ಜನರ ಕಣ್ಣಿಗೆ ಸಾಕಷ್ಟು ತೆರೆದಿಲ್ಲ ಎಂದು ಕರಾವಳಿ ಆಯೋಗದ ಕಡೆಯವರೂ ಕೆಲವು ಪರಿಸರವಾದಿಗಳೂ ಆಕ್ಷೇಪಿಸಿದರು. ಪೂರ್ತಿ ಸಿಗದಿದ್ದರೆ ಸಿಕ್ಕಷ್ಟನ್ನು ಉಳಿಸಿಕೊಳ್ಳೋಣ ಎಂಬುದು ಒಪ್ಪಂದದ ಪರವಾಗಿದ್ದವರ ಉತ್ತರವಾಗಿತ್ತು. ಎರಡು ವಾದಗಳಲ್ಲಿಯೂ ಸತ್ಯಾಂಶವಿದೆ. ಶ್ರೀಮಂತನ ಕಿಟಕಿಯ ಮುಂದಿನ ನೋಟ ಕೆಡದಿರಲೆಂದು ಬಯಲನ್ನು ಉಳಿಸುವುದಕ್ಕೂ, ಬಲೆ ಒಣಗಿಸುವವನಿಗೆ, ದೋಣಿ ಎಳೆಯುವವನಿಗೆ, ಸಂಜೆ ಮಕ್ಕಳೊಡನೆ ಬರುವವನಿಗೆ ಬಯಲನ್ನು ಉಳಿಸುವುದಕ್ಕೂ ಅಂತರವಿದೆ. ದಸ್ತಾವೇಜು ಬರೆಯುವಾಗಲೇ ಈ ಪ್ರಶ್ನೆಯನ್ನು ಕೇಳದಿದ್ದರೆ ಬಳಿಕ ಕೇಳಿ ಪ್ರಯೋಜನವಿಲ್ಲ.

ಕಾವಲುಗಾರನ ಕೆಲಸ

ಬರೆದದ್ದು ತನ್ನಷ್ಟಕ್ಕೆ ನಡೆಯುವುದೂ ಇಲ್ಲ. ಈಸ್‌ಮೆಂಟ್ ಪಡೆದ ಟ್ರಸ್ಟು ಮೊದಲು ಆ ಭೂಮಿಯ ಸ್ಥಿತಿಯನ್ನು ನಕ್ಷೆ, ಛಾಯಾಚಿತ್ರಗಳ ಸಹಿತ ದಾಖಲಿಸಬೇಕು. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅದರ ಪ್ರತಿನಿಧಿ ಗಡಿಯುದ್ದಕ್ಕೂ ನಡೆದು, ಹೊಸ ರಸ್ತೆ ಕಡಿದಿದ್ದಾರೆಯೆ, ಮಣ್ಣು ತೆಗೆದಿದ್ದಾರೆಯೆ, ಒಪ್ಪಿದ್ದಕ್ಕಿಂತ ಹೆಚ್ಚು ಕಟ್ಟಿದ್ದಾರೆಯೆ ಎಂದು ನೋಡಿ ವರದಿ ಬರೆಯಬೇಕು. ತಪ್ಪು ಕಂಡಲ್ಲಿ ಮೊದಲು ಮಾತು, ಬಳಿಕ ನೋಟೀಸು, ಕೊನೆಗೆ ವ್ಯಾಜ್ಯ. ಇದಕ್ಕೆ ಹಣ ಬೇಕು. ಎಚ್ಚರವುಳ್ಳ ಟ್ರಸ್ಟುಗಳು ಅದಕ್ಕೆಂದೇ ಪ್ರತ್ಯೇಕ ನಿಧಿಯನ್ನು ಇಡುತ್ತವೆ. ಮಾತು ಕೊಟ್ಟವನೊಡನೆ ಸಾಮಾನ್ಯವಾಗಿ ಜಗಳವಾಗುವುದಿಲ್ಲ. ಜಗಳ ಬರುವುದು ಮುಂದಿನ ಒಡೆಯನೊಡನೆ. ಆ ಮಾತನ್ನು ಅವನು ಕೊಟ್ಟವನಲ್ಲ, ಅದರ ಭಾರ ಮಾತ್ರ ಅವನ ಮೇಲಿದೆ. ನೋಡುವವರಿಲ್ಲದಿದ್ದರೆ 'ಎಂದೆಂದಿಗೂ' ಎಂಬ ಪದ ಕಪಾಟಿನ ಕಾಗದದಲ್ಲಿಯೇ ಉಳಿದೀತು.

ನಮ್ಮ ದಂಡೆಗೆ ಇದು ಬಂದೀತೆ?

ಈಸ್‌ಮೆಂಟ್ ನಮ್ಮ ಕಾನೂನಿಗೆ ಅಪರಿಚಿತವಲ್ಲ. ಭಾರತದ ಈಸ್‌ಮೆಂಟ್ ಕಾಯಿದೆ 1882ರದು. ಆರಂಭದಲ್ಲಿ ಅದು ಅನ್ವಯವಾದದ್ದು ಮದರಾಸು ಪ್ರಾಂತ, ಮಧ್ಯಪ್ರಾಂತ ಮತ್ತು ಕೊಡಗಿಗೆ. ಮದರಾಸು ಪ್ರಾಂತದ ಭಾಗವಾಗಿದ್ದ ದಕ್ಷಿಣ ಕನ್ನಡಕ್ಕೆ ಆಗಲೇ ಬಂದಿತು. ಇನ್ನೊಬ್ಬನ ಜಾಗದಲ್ಲಿ ಏನನ್ನಾದರೂ ಮಾಡುವ ಹಕ್ಕನ್ನು ಮಾತ್ರವಲ್ಲ, ಏನನ್ನಾದರೂ ಮಾಡದಂತೆ ತಡೆಯುವ ಹಕ್ಕನ್ನೂ ಅದರ 4ನೆಯ ಕಲಂ ಒಪ್ಪುತ್ತದೆ. ಆದರೆ ಆ ಹಕ್ಕನ್ನು ಪಡೆಯುವವನಿಗೆ ತನ್ನದೇ ಆದ ಒಂದು ಜಮೀನಿರಬೇಕು. ಆ ಜಮೀನಿನ ಸುಖಾನುಭವಕ್ಕಾಗಿ ಮಾತ್ರ ಪಕ್ಕದವನ ಮೇಲೆ ನಿರ್ಬಂಧ. ಜಮೀನಿಲ್ಲದ ಒಂದು ಟ್ರಸ್ಟು, ಹಕ್ಕಿಗಳ ಹೆಸರಿನಲ್ಲಿಯೋ ಮುಂದಿನ ತಲೆಮಾರಿನ ಹೆಸರಿನಲ್ಲಿಯೋ ಇಂಥ ಹಕ್ಕನ್ನು ಹಿಡಿದುಕೊಳ್ಳಲು ಅದರಲ್ಲಿ ಎಡೆಯಿಲ್ಲ. ಅಮೆರಿಕದ ಹಳೆಯ ಕಾನೂನಿನಲ್ಲಿಯೂ ಇಂಥದೇ ತೊಡಕಿತ್ತು. ಅಲ್ಲಿಯ ರಾಜ್ಯಗಳು ಹೊಸ ಕಾಯಿದೆಗಳನ್ನು ಮಾಡಿದ್ದು ಅದನ್ನು ನಿವಾರಿಸಲೆಂದೇ. ನಮ್ಮಲ್ಲಿ ಆ ಕೆಲಸ ಶಾಸಕಾಂಗದ್ದು.

ಅದು ಆಗುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಕಡಲ ಬದಿಯಲ್ಲಿ ಅಕ್ಕಪಕ್ಕ ಜಮೀನುಳ್ಳ ಇಬ್ಬರು, ಕಡಲ ಕಡೆಯ ಭಾಗದಲ್ಲಿ ಕಟ್ಟುವುದಿಲ್ಲವೆಂದು ಪರಸ್ಪರ ಹಕ್ಕು ಬರೆದುಕೊಳ್ಳುವುದನ್ನು ಯೋಚಿಸಬಹುದು. ಅದೇ ಕಾಯಿದೆಯ ವಿವರಣೆಯಂತೆ ಸುಖಾನುಭವವೆಂಬುದರಲ್ಲಿ ದೂರದ ಪ್ರಯೋಜನವೂ, ಬರಿಯ ಅನುಕೂಲವೂ ಸೇರುತ್ತದೆ. ಇದಕ್ಕೆ ತಿಳಿದ ವಕೀಲರ ಸಲಹೆ ಬೇಕು. ಸಂಸ್ಥೆಗಳಿಗೆ, ನಮ್ಮ ದೇವಾಲಯಗಳನ್ನೂ ಮಠಗಳನ್ನೂ ಶಾಲೆಗಳನ್ನೂ ಸೇರಿಸಿ ಹೇಳುತ್ತಿದ್ದೇನೆ, ಇನ್ನೂ ಸರಳವಾದ ದಾರಿಯಿದೆ. ಕಡಲ ಬದಿಯ ಜಾಗವನ್ನು ಮಾರುವ ಮುನ್ನ, ಯಾವ ಭಾಗ ಬಯಲಾಗಿ ಉಳಿಯಬೇಕು, ಮೀನುಗಾರರ ದಾರಿ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ, ಸಭೆಯಲ್ಲಿ ನಿರ್ಣಯ ಮಾಡಿ ಬರೆದಿಡುವುದು. ಗಾಳಿಮರದ ತೋಪು ಕಡಿದ ಮೇಲೆ, ದಿಬ್ಬ ಕೊಚ್ಚಿಹೋದ ಮೇಲೆ ಮಾಡುವ ನಿರ್ಣಯಕ್ಕೆ ಬೆಲೆಯಿಲ್ಲ.

ತಂದೆತಾಯಿಯರ ಜಾಗವನ್ನು ಪಾಲು ಮಾಡಿಕೊಳ್ಳಲು ಕುಳಿತಾಗ ಸೆಂಟ್ಸಿನ ಲೆಕ್ಕವೇ ಮೊದಲು ಬರುತ್ತದೆ. ಒಂದು ಸೆಂಟ್ಸಿಗೆ ಎಷ್ಟು ಎಂದು ಕೇಳುವುದು ತಪ್ಪಲ್ಲ. ಮಕ್ಕಳ ಓದು, ಮದುವೆ, ಔಷಧಿ ಎಲ್ಲವೂ ಅದರಿಂದಲೇ ಆಗಬೇಕು. ಆ ಲೆಕ್ಕದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ: ನಾವು ಈ ಹೊರೆಯಲ್ಲಿರುವ ಎಲ್ಲ ಕೋಲುಗಳನ್ನೂ ಮಾರಲೇಬೇಕೆ? ಒಂದನ್ನಾದರೂ, ಕಡಲಿಗೂ ಅಲ್ಲಿಗೆ ನಡೆದು ಬರುವವರಿಗೂ ಬಿಟ್ಟುಕೊಡಲು ಆಗುವುದಿಲ್ಲವೆ? ಆಗುವುದೆಂದು ತೀರ್ಮಾನಿಸಿದವರು ಅದನ್ನು ಬರಿಯ ಬಾಯಿಮಾತಿನಲ್ಲಿ ನಿಲ್ಲಿಸದಿರಲಿ. ಬರೆದಿಡಲಿ, ನೋಂದಾಯಿಸಲಿ, ಕಾಯುವವರನ್ನು ಹೆಸರಿಸಲಿ.